ವಜೀರ್ ಸಾಬರ ಹೊಸ ನಂಬರು

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಸಲವಾದರೂ ಬಸ್ಸಿಗೆ ಕಾದವರಿಗೆ ವಜೀರ್ ಸಾಬರ ಪರಿಚಯ ಇದ್ದೇ ಇರುತ್ತದೆ. ಮುಖದ ಪರಿಚಯವಲ್ಲ, ಗಂಟಲಿನ ಪರಿಚಯ. "ಬೀರೂರ್, ತರೀಕೆರೆ, ಭದ್ರಾವತಿ, ಶಿವಮೊಗ್ಗಾ..." ಎಂದು ಅವರು ಎಳೆದರೆ ಹೋಟೆಲಿನೊಳಗೆ ದೋಸೆ ತಿನ್ನುತ್ತಿದ್ದವನು ಕೈಯನ್ನೂ ತೊಳೆಯದೆ ಎದ್ದು ಬರುತ್ತಿದ್ದ. ಶಿವಮೊಗ್ಗಕ್ಕೆ ಹೋಗಬೇಕೆಂದೇ ಇಲ್ಲದವರೂ, ಹೋಗಿಬಿಟ್ಟರೇನು ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು.

ಸಾಬರು ಖಾಸಗಿ ಬಸ್ಸುಗಳ ಏಜೆಂಟು. ಜನರನ್ನು ಕೂಗಿ ಹತ್ತಿಸುವುದು ಆ ಕೆಲಸದ ಸುಲಭದ ಅರ್ಧ. ಹತ್ತಿದವರು ಇಳಿದುಹೋಗದ ಹಾಗೆ ನೋಡಿಕೊಳ್ಳುವುದೇ ಕಷ್ಟದ ಅರ್ಧ. ಡ್ರೈವರ್ ಇನ್ನೂ ಊಟಕ್ಕೆ ಕೂತಿರುತ್ತಾನೆ, ಬಸ್ಸಿನೊಳಗೆ ಮಕ್ಕಳು ಅಳುತ್ತಿರುತ್ತವೆ, ಯಾರೋ ಕಿಟಕಿಯಿಂದ ತಲೆ ಹಾಕಿ ಗದರುತ್ತಾರೆ. ಆಗ ಸಾಬರು ಬಸ್ಸಿನ ಮೈಯನ್ನು ಎರಡು ಸಲ ತಟ್ಟಿ, "ಐದೇ ನಿಮಿಷ ಕಣ್ರೀ, ಹೊರಟೇಬಿಡ್ತು" ಅನ್ನುತ್ತಿದ್ದರು. ಅದು ಸುಳ್ಳೆಂದು ಅವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಹೇಳುವಾಗಲೆಲ್ಲ ಅವರೇ ಅದನ್ನು ನಂಬುತ್ತಿದ್ದರು. ಅದಕ್ಕೇ ಜನರೂ ನಂಬುತ್ತಿದ್ದರು.

ಇಂಥವರಿಗೆ ಫೋನ್ ಯಾಕೆ ಬೇಕು? ಬೇಕಿರಲಿಲ್ಲ. ಆದರೆ ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಸಾಬರು ಬೇಕಾಗಿದ್ದರು. ಅವರೆಲ್ಲ ಫೋನ್ ಮಾಡುತ್ತಿದ್ದದ್ದು ಸಾಬರ ಹೆಂಡತಿ ನಜೀರಾಳ ನಂಬರಿಗೆ. ನಜೀರಾ ಮನೆಯಲ್ಲಿ ಶಾವಿಗೆ ಮಾಡಿ ಮಾರುವವಳು. ಹಿಟ್ಟಿನ ಕೈಯಲ್ಲಿ ಫೋನ್ ಎತ್ತಿ, "ಬಸ್ಸು ಬೀರೂರಲ್ಲಿ ಪಂಕ್ಚರ್ ಆಗಿದೆಯಂತೆ" ಎಂಬ ಸುದ್ದಿಯನ್ನು ಹಿತ್ತಲ ಬಾಗಿಲಿನಿಂದ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಹೋಗುವುದು ಅವಳ ಪಾಲಿಗೆ ಬಂದಿತ್ತು. ಒಂದು ದಿನ ಶಾವಿಗೆಯೆಲ್ಲ ನೆಲಕ್ಕೆ ಬಿತ್ತು. ಅವತ್ತು ಸಂಜೆ ಅವಳು ಮನೆಯಲ್ಲಾಡುವ ದಖ್ನಿ ಉರ್ದುವಿನಲ್ಲಿ ಶಾಂತವಾಗಿ, ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು: ನಾಳೆಯಿಂದ ನನ್ನ ಫೋನ್ ನನ್ನದು, ನಿಮ್ಮ ಬಸ್ಸು ನಿಮ್ಮದು.

ಅದೂ ಅಲ್ಲದೆ ಮಾರನೆಯ ದಿನ ಸಾಬರಿಗೆ ಫೋನಿನ ನಿಜವಾದ ಕೆಲಸವೇ ಇತ್ತು. ಮಗಳು ರುಬೀನಾ ಅಜ್ಜಂಪುರದಲ್ಲಿ, ಗಂಡನ ಮನೆಯ ಹತ್ತಿರವೇ, ಹೊಲಿಗೆ ಅಂಗಡಿ ತೆರೆಯುವವಳಿದ್ದಳು. ಅಂಗಡಿಯ ಬೋರ್ಡನ್ನು ತರೀಕೆರೆಯ ಪೇಂಟರ್ ಸುದೀಪ ಬರೆಯುತ್ತಿದ್ದ. ಅಂಗಡಿಯಲ್ಲಿ ಒಂದು ಕಡೆ ಕೂರುವ ಜಾತಿಯ ಪೇಂಟರ್ ಅಲ್ಲ ಅವನು. "ಒಣಗಿದ ಕೂಡ್ಲೆ ಎಲ್ಲಿ ಇಟ್ಟಿದೀನಿ ಅಂತ ಫೋನಲ್ಲೇ ಹೇಳ್ತೀನಿ, ತಗೊಂಡು ಹೋಗಿ ಸಾಬ್ರೇ" ಎಂದಿದ್ದ. ಮಗ ಉಮರ್ ಫಾರೂಕ್ ತನ್ನ ಹಳೆಯ ಬಟನ್ ಫೋನನ್ನು ಒರೆಸಿ ಅಪ್ಪನ ಜೇಬಿಗೆ ಹಾಕಿದ. ಅದರೊಳಗೆ ಸಿಮ್ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಗೇಟಿನ ಪಕ್ಕ ದೊಡ್ಡ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ದೀಪಶ್ರೀ ಎಂಬ ಹುಡುಗಿ ಸಿಮ್ ಮಾರುತ್ತಿದ್ದಳು. ಸಾಬರ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸಿದಳು. ಯಂತ್ರ ಒಪ್ಪಲಿಲ್ಲ. ತೋರುಬೆರಳು, ಅದೂ ಇಲ್ಲ. ಬಸ್ಸಿನ ತಗಡು ತಟ್ಟಿ ತಟ್ಟಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು.

"ಅಂಕಲ್, ಕೈಗೆ ಸ್ವಲ್ಪ ಎಣ್ಣೆ ಹಚ್ಕೊಂಡು ಒರೆಸ್ಕೊಳ್ಳಿ" ಎಂದಳು ದೀಪಶ್ರೀ. ಪಕ್ಕದ ಬೋಂಡಾ ಗಾಡಿಯಿಂದ ಎಣ್ಣೆ ಬಂತು. ಎಡಗೈಯ ಕಿರುಬೆರಳು ಸಾಬರನ್ನು ವಜೀರ್ ಸಾಬ್ ಎಂದು ಒಪ್ಪಿಕೊಂಡಿತು. ಆಮೇಲೆ ಫೋಟೋ. "ಕಣ್ಣು ಮಿಟುಕಿಸಿ" ಎಂದಳು. ವಯಸ್ಸಿನ ಹುಡುಗಿಯ ಮುಂದೆ ನಡು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಮಿಟುಕಿಸುವುದೆಂದರೆ! ಸಾಬರು ಕಂಬದ ಹಾಗೆ ನಿಂತರು. "ನೀವು ಬದುಕಿದೀರಾ ಅಂತ ಅದಕ್ಕೆ ಗೊತ್ತಾಗ್ಬೇಕು ಅಂಕಲ್" ಎಂದು ಅವಳು ಬೇಡಿಕೊಂಡ ಮೇಲೆ, ಎರಡೂ ಕಣ್ಣನ್ನು ಒಟ್ಟಿಗೆ ಮುಚ್ಚಿ ತೆರೆದರು.

ಉಳಿದದ್ದು ಓಟಿಪಿ. ಅದು ಹೋದದ್ದು ನಜೀರಾಳ ಫೋನಿಗೆ. ದೀಪಶ್ರೀಯ ಫೋನಿನಿಂದ ಸಾಬರು ಮನೆಗೆ ಮಾತಾಡಿದರು. ಈ ಗಂಡಹೆಂಡಿರ ದಖ್ನಿ ಸಂಭಾಷಣೆಯ ಸಾರ ಇಷ್ಟು:

"ಒಂದು ನಂಬರ್ ಬಂದಿರುತ್ತೆ, ಓದು."

"ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಹೇಳಿದ್ದಾರೆ."

"ಯಾರಿಗೋ ಅಲ್ಲ, ನನಗೆ!"

"ಹಾಗೇ ಅಂತಾರಂತೆ. ಗೊತ್ತಿರುವವರ ಧ್ವನಿಯಲ್ಲೇ ಮಾತಾಡ್ತಾರಂತೆ. ಬೇರೆ ನಂಬರಿಂದ ಬೇರೆ ಮಾಡ್ತಿದ್ದೀರಿ."

ಸಾಬರು ಮದುವೆಯಾದ ವರ್ಷ ಹೇಳಿದರು, ಮಾವನ ಹೆಸರು ಹೇಳಿದರು, ಬೆಳಿಗ್ಗೆ ತಿಂಡಿ ಏನಿತ್ತೆಂದು ಹೇಳಿದರು. ನಜೀರಾ ಜಗ್ಗಲಿಲ್ಲ. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು, ಮನೆಯಿದ್ದ ದಿಕ್ಕಿಗೆ ತಿರುಗಿ, ಎದೆತುಂಬ ಉಸಿರೆಳೆದು ಕೂಗಿದರು: "ಬೀರೂರ್, ತರೀಕೆರೆ, ಭದ್ರಾವತಿ, ಶಿವಮೊಗ್ಗಾ!" ಕೊಡೆ ಅಲುಗಿತು. ಚೀಲ ಹಿಡಿದು ಓಡಿಬಂದ ಇಬ್ಬರನ್ನು ಸಮಾಧಾನ ಮಾಡಿ ಕಳಿಸಬೇಕಾಯಿತು. ಕಿಟಕಿಯಿಂದ ಕೇಳಿಸಿಕೊಂಡ ನಜೀರಾ, "ಹಾಂ, ನೀವೇ. ಕೈಕೂ ಇತ್ತಾ ಚಿಲ್ಲಾತೇಂ ಜೀ?" ಎಂದು, ಯಾಕಿಷ್ಟು ಅರಚುತ್ತೀರೆಂದು ಬೈದು, ಓಟಿಪಿ ಓದಿದಳು.

ದೀಪಶ್ರೀ ಸಿಮ್ಮನ್ನು ಫೋನಿಗೆ ಹಾಕಿಕೊಟ್ಟು, "ಇನ್ನೂ ಆಗಿಲ್ಲ ಅಂಕಲ್. ದಾರೀಲಿ ಸಿಗ್ನಲ್ ಬರುತ್ತೆ. ಬಂದ್ಮೇಲೆ ಈ ನಂಬರಿಗೆ ಮಾಡಿ, ಕೇಳಿದ್ದಕ್ಕೆಲ್ಲ ಬಟನ್ ಒತ್ತಿ. ಆಗ ಆಕ್ಟಿವೇಟ್ ಆಗುತ್ತೆ" ಎಂದಳು. ಹೊಸ ನಂಬರನ್ನು ನಜೀರಾ ಮೂಲಕ ಸುದೀಪನಿಗೂ ರುಬೀನಾಳಿಗೂ ಮುಟ್ಟಿಸಿ, ಸಾಬರು ಬೇರೆ ಯಾರೋ ಕೂಗಿ ತುಂಬಿಸಿದ ಬಸ್ಸನ್ನು ಹತ್ತಿ ಕೂತರು. ಆ ಏಜೆಂಟಿನ ಕೂಗು ಅವರಿಗೆ ಸಪ್ಪೆಯೆನಿಸಿತು.

ಬೀರೂರಿನ ರೈಲ್ವೆ ಗೇಟ್ ದಾಟುವ ಹೊತ್ತಿಗೆ ಫೋನಿನಲ್ಲಿ ಸಿಗ್ನಲಿನ ಗೆರೆಗಳು ಎದ್ದುನಿಂತವು. ಸಾಬರು ದೀಪಶ್ರೀ ಕೊಟ್ಟ ನಂಬರನ್ನು ಒತ್ತಿ ಸ್ಪೀಕರಿಗೆ ಹಾಕಿದರು. ಒಳಗಿನಿಂದ ಒಬ್ಬ ಹೆಂಗಸು ನಯವಾಗಿ, "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದಳು.

"ಕನ್ನಡವೇ ಮಾತಾಡಮ್ಮ, ನಮ್ಮೂರ್ ಕಡೂರು" ಎಂದರು ಸಾಬರು.

"ಕನ್ನಡಕ್ಕಾಗಿ ಒಂದನ್ನು ಒತ್ತಿ."

"ಆಯ್ತು ಕಣಮ್ಮ, ಒಂದು!" ಎಂದು ಕೂಗಿದರು. ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದವನು ಎದ್ದು ಕಂಡಕ್ಟರಿಗೆ ಟಿಕೆಟ್ ತೋರಿಸಿದ.

ಪಕ್ಕದಲ್ಲಿ ಕೂತಿದ್ದವರು ಮಲ್ಲಿಕಾರ್ಜುನಯ್ಯ ಎಂಬ ನಿವೃತ್ತ ಮೇಷ್ಟರು. "ಬಾಯಲ್ಲಿ ಅಲ್ಲ ಸಾಬ್ರೇ, ಬೆರಳಲ್ಲಿ" ಎಂದು ತಾವೇ ಒಂದನ್ನು ಒತ್ತಿದರು. ಆಧಾರಿನ ಕೊನೆಯ ಅಂಕಿಗಳನ್ನು ಒತ್ತುವಷ್ಟರಲ್ಲಿ ಬಸ್ಸು ತೋಟದ ಸಾಲಿನೊಳಗೆ ಇಳಿಯಿತು, ಹೆಂಗಸು ಮಾಯವಾದಳು. ಮತ್ತೆ ಮಾಡಿದರು. ಈ ಸಲ ಹುಟ್ಟಿದ ವರ್ಷ ಕೇಳಿದಳು. ಸಾಬರು ಒತ್ತಿದ ವರ್ಷವನ್ನು ಒಪ್ಪಲಿಲ್ಲ. "ನಮ್ಮಮ್ಮ ಹೇಳಿದ್ದು ಅದೇ!" ಎಂದು ಸಾಬರು ಸಿಟ್ಟಾದರು. "ನಿಮ್ಮಮ್ಮ ಹೇಳಿದ್ದಲ್ಲ, ಆಧಾರ್ ಮಾಡಿದೋನು ಬರ್ಕೊಂಡಿದ್ದು ಒತ್ತಿ" ಎಂದರು ಮೇಷ್ಟರು. ಆ ಹೊತ್ತಿಗೆ ಇಡೀ ಬಸ್ಸಿಗೇ ಈ ಕೆಲಸ ತಮ್ಮದೆನಿಸಿಬಿಟ್ಟಿತ್ತು. ಹಿಂದಿನ ಸೀಟಿನವರು ಮಗುವಿನ ಬಾಯಿ ಮುಚ್ಚಿದರು. ಸಿಗ್ನಲ್ ಇದ್ದ ದಿಣ್ಣೆಯ ಮೇಲೆ ಡ್ರೈವರ್ ಬಸ್ಸನ್ನು ನಿಧಾನ ಮಾಡಿದ. ಸಾಬರು ಹಣೆಯ ಬೆವರು ಒರೆಸಿಕೊಂಡು ಒಂದೊಂದೇ ಅಂಕಿ ಒತ್ತಿದರು. "ಅಭಿನಂದನೆಗಳು" ಎಂದಳು ಹೆಂಗಸು. ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ಸಾಬರಿಗೆ ಹಾರ ಹಾಕಿಸಿಕೊಂಡು ಹಜ್‌ಗೆ ಹೊರಟವರಷ್ಟು ಸಂಕೋಚವಾಯಿತು.

ಚಪ್ಪಾಳೆ ಮುಗಿಯುವ ಮೊದಲೇ ಫೋನ್ ಹೊಡೆದುಕೊಂಡಿತು. ಸುದೀಪನೇ ಇರಬೇಕು.

"ಹಲೋ, ಬೋರ್ಡ್ ಏನಾಯ್ತಪ್ಪಾ?" ಎಂದರು ಸಾಬರು.

"ಅದನ್ನ ನೀವು ಹೇಳ್ಬೇಕು!" ಎಂದಿತು ಒರಟು ದನಿ. "ಬೋರ್ಡಿನೋರು ನೀವಾ, ನಾನಾ?"

"ರೆಡಿ ಆಗಿದ್ಯಾ ಇಲ್ವಾ?"

"ಬೆಳಗ್ಗಿಂದ ರೆಡಿಯಾಗೇ ಕೂತಿದೀವಿ! ಗಿರಣಿ ತುಂಬ ರಾಗಿ ಡಬ್ಬ ಇಟ್ಕೊಂಡು ಹೆಂಗಸ್ರು ನನ್ನೇ ಬೀಸೋ ಹಾಗೆ ನೋಡ್ತಾವ್ರೆ. ಮೂರು ತಿಂಗ್ಳಿಂದ ಫೋನ್ ಸ್ವಿಚಾಫ್ ಮಾಡ್ಕೊಂಡು ಎಲ್ಲಿ ಸತ್ತಿದ್ರಿ ಕನಕರಾಜು? ನಾನು ಕಣ್ರೀ, ಹಿರೇನಲ್ಲೂರ್ ಗಿರಣಿ ಕರಿಸಿದ್ದಪ್ಪ. ತ್ರೀ ಫೇಸು ಯಾವಾಗ ಕೊಡ್ತೀರಾ?"

ಸಾಬರಿಗೆ ಅರ್ಥವಾದದ್ದು ಒಂದೇ: ಎಲ್ಲೋ ಒಂದಷ್ಟು ಜನ ಬಹಳ ಹೊತ್ತಿನಿಂದ ಕಾಯುತ್ತಿದ್ದಾರೆ, ರೇಗಿದ್ದಾರೆ. ಅಂಥ ಜನಕ್ಕೆ ಏನು ಹೇಳಬೇಕೆಂದು ಅವರ ನಾಲಗೆಗೆ ಗೊತ್ತಿತ್ತು. ಮುಂದಿನ ಸೀಟಿನ ಬೆನ್ನನ್ನು ಎರಡು ಸಲ ತಟ್ಟಿ, "ಐದೇ ನಿಮಿಷ ಕಣ್ರೀ, ಬಂದೇಬಿಡ್ತು" ಎಂದುಬಿಟ್ಟರು.

ಫೋನಿಟ್ಟ ಮೇಲೆ ಮೇಷ್ಟರು ವಿಷಯ ಬಿಡಿಸಿ ಹೇಳಿದರು: ಈ ನಂಬರು ಮೊದಲು ಯಾರೋ ಲೈನ್‌ಮ್ಯಾನಿನದಿರಬೇಕು, ಅವನು ಬಿಟ್ಟದ್ದನ್ನು ಈಗ ನಿಮಗೆ ಕೊಟ್ಟಿದ್ದಾರೆ. ಸಾಬರು ಗಾಬರಿಯಾಗಿ, ನಾನು ಲೈನ್‌ಮ್ಯಾನ್ ಅಲ್ಲವೆಂದು ಹೇಳಲು ತಿರುಗಿ ಫೋನ್ ಮಾಡಿದರು. ಆ ಕಡೆ ಗಿರಣಿಯ ಗಡಗಡ ಸದ್ದು, ಅದರ ಮೇಲೆ ಕರಿಸಿದ್ದಪ್ಪನ ಕೂಗು: "ಬಂತು ಕನಕರಾಜಣ್ಣ, ಬಂತು! ಕೊಟ್ಟ ಮಾತು ಉಳಿಸ್ಕೊಂಡ್ರಿ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ!" ಕರೆಂಟು ತಾನಾಗೇ ಬಂದಿತ್ತು. ನಾನಲ್ಲ ನಾನಲ್ಲ ಎಂದು ಸಾಬರು ಎಷ್ಟು ಕೂಗಿದರೂ, ಆ ಗಂಟಲೂ ಗಿರಣಿಯ ಮುಂದೆ ಸೋತಿತು.

ಕರೆಂಟಿಗಿಂತ ಬೇಗ ಸುದ್ದಿ ಹಬ್ಬಿತು. ಲೈನ್‌ಮ್ಯಾನ್ ಮತ್ತೆ ಫೋನ್ ಎತ್ತುತ್ತಿದ್ದಾನೆ ಎಂದು ಕರಿಸಿದ್ದಪ್ಪನೇ ಹಿಟ್ಟಿನ ಜೊತೆಗೆ ಮನೆಮನೆಗೆ ಕಳಿಸಿರಬೇಕು. ತರೀಕೆರೆ ತಲುಪುವಷ್ಟರಲ್ಲಿ ಸಾಬರು ಒಬ್ಬರ ಫ್ಯೂಸಿಗೆ, ಇನ್ನೊಬ್ಬರ ಮೀಟರಿಗೆ, ಮತ್ತೊಬ್ಬರ ಮಗಳ ಮದುವೆಯ ಸೀರಿಯಲ್ ಸೆಟ್ಟಿಗೆ ಉತ್ತರ ಕೊಟ್ಟಿದ್ದರು. ಮೊದಮೊದಲು "ರಾಂಗ್ ನಂಬರ್" ಎಂದು ನೋಡಿದರು. "ನೀವು ಯಾವಾಗ್ಲೂ ಹಂಗೇ ಅಂತಿದ್ರಿ" ಎಂದು ಅವರೆಲ್ಲ ನಕ್ಕರು. ಆ ಕನಕರಾಜು ಬಲು ಘಾಟಿ ಮನುಷ್ಯನಿದ್ದಿರಬೇಕು ಎಂದು ಸಾಬರಿಗೆ ಅನ್ನಿಸಿತು. ಈ ನಡುವೆ ಹೇಗೋ ನುಸುಳಿಬಂದ ಸುದೀಪ, "ಏನ್ ಸಾಬ್ರೇ, ಸಿಮ್ ತಗೊಂಡ ದಿನವೇ ಇಷ್ಟೊಂದು ಬಿಜಿ?" ಎಂದು ಕೇಳಿ, ಬೋರ್ಡು ಟೀ ಅಂಗಡಿಯ ಹಿಂದಿದೆ ಎಂದ.

ಬೋರ್ಡು ಸಾಬರಿಗಿಂತ ಉದ್ದವಿತ್ತು. ಹಳದಿಯ ಮೇಲೆ ಕೆಂಪಕ್ಷರ: ರುಬೀನಾ ಲೇಡೀಸ್ ಟೈಲರ್ಸ್. ಪಕ್ಕದಲ್ಲಿ ಕತ್ತರಿಯ ಚಿತ್ರ. ಅಜ್ಜಂಪುರದ ಬಸ್ಸಿನ ಕಂಡಕ್ಟರ್ ಅದನ್ನು ಒಳಗೆ ಬಿಡಲು ಒಪ್ಪಲಿಲ್ಲ. ಜೀವಮಾನವಿಡೀ ಜನರ ಕುಕ್ಕೆ, ಕೋಳಿ, ಮಂಚಗಳನ್ನು ಬಸ್ಸಿಗೆ ತುರುಕಿದ ಮನುಷ್ಯ ಈಗ ತಾನೇ ಕೈಮುಗಿದು ನಿಲ್ಲಬೇಕಾಯಿತು. ಕೊನೆಗೆ ಬೋರ್ಡು ಒಳಗೆ ಬಂತು, ಹಿಂದಿನ ಸೀಟಿನ ಸಾಲಿನವರ ತೊಡೆಯ ಮೇಲೆ ಅಡ್ಡಲಾಗಿ. ಇಳಿಯುವಾಗ ಒಬ್ಬರ ಬಿಳಿ ಪಂಚೆಯ ಮೇಲೆ ಕತ್ತರಿಯ ತುದಿ ಸಣ್ಣಗೆ ಅಚ್ಚಾಗಿತ್ತು. ಪೂರ್ತಿ ಒಣಗಿರಲಿಲ್ಲ ಎಂದಾಯಿತು.

ಅಜ್ಜಂಪುರದಲ್ಲಿ ರುಬೀನಾಳ ಅಂಗಡಿಯ ಮುಂದೆ ನೆಂಟರು, ಅಕ್ಕಪಕ್ಕದ ಹೆಂಗಸರು ಸೇರಿದ್ದರು. ಮೋಟಾರಿನ ಹೊಸ ಹೊಲಿಗೆ ಯಂತ್ರಕ್ಕೆ ಮಲ್ಲಿಗೆ ಮುಡಿಸಿ ಕೂರಿಸಿದ್ದರು. ಆದರೆ ಕರೆಂಟಿರಲಿಲ್ಲ.

"ಅಬ್ಬಾ, ನೋಡಿ ಇವತ್ತೇ ಹೋಗ್ಬೇಕಾ ಇದು" ಎಂದು ರುಬೀನಾ ಅಪ್ಪನ ಮುಂದೆ ಅಳುವ ಹಾಗಾದಳು. "ಲೈನ್‌ಮ್ಯಾನಿಗೆ ಹೇಳಿ ಕಳ್ಸಿದ್ದೆ, ಬಂದು ಕಂಬ ನೋಡ್ತಾವ್ರೆ."

ಐದೇ ನಿಮಿಷ ಎನ್ನಲು ಸಾಬರು ಬಾಯಿ ತೆರೆದರು. ಅಷ್ಟರಲ್ಲಿ ಫೋನ್ ಬಂತು. ಬೋರ್ಡ್ ಹಿಡಿದಿದ್ದ ಕೈಯಲ್ಲೇ ಸ್ಪೀಕರ್ ಒತ್ತಿದರು.

"ಕನಕಣ್ಣಾ, ನಾನು ಎಮ್ಮೆದೊಡ್ಡಿ ಕರಿಯಮ್ಮ. ದನ ಮೇಯೋ ಕಾವಲಿನ ದಾರೀಲಿ ಕರೆಂಟ್ ತಂತಿ ಕಡ್ದು ಬಿದ್ದೈತೆ ಕಣಣ್ಣ. ಹುಲ್ಲಲ್ಲಿ ಚಟಪಟ ಅಂತೈತೆ. ದನ ನೀರಿಗೆ ಬರೋ ಹೊತ್ತು. ಯಾರಿಗೆ ಹೇಳ್ಬೇಕು ಅಂತ ಗೊತ್ತಿಲ್ಲ, ನಿನ್ ನಂಬರ್ ಒಂದೇ ನನ್ ಹತ್ರ ಇರೋದು."

ಬೆಳಗಿನಿಂದ ಸಲೀಸಾಗಿ ಬರುತ್ತಿದ್ದ ಆ ಐದು ನಿಮಿಷದ ಮಾತು ಇಲ್ಲಿ ನಡೆಯುವಂಥದ್ದಲ್ಲ. ಬಸ್ಸು ಹೊರಡುವುದು ತಡವಾದರೆ ಜನ ಬೈಯುತ್ತಾರೆ. ಇದು ತಡವಾದರೆ? ಬೋರ್ಡನ್ನು ಅಲ್ಲೇ ಬಿಟ್ಟು ಕಂಬದ ಕಡೆ ಓಡಿದರು. ಏಣಿಯ ಮೇಲೆ ಖಾಕಿ ಅಂಗಿಯ ಲೈನ್‌ಮ್ಯಾನ್ ನಿಂತಿದ್ದ.

"ಲೈನ್‌ಮ್ಯಾನ್ ಸಾಹೇಬ್ರೇ, ಇಳೀರಿ, ಬೇಗ ಇಳೀರಿ!"

ಅವನು ಆಗಲೇ ಇಳಿಯುತ್ತಿದ್ದ. ಸ್ಪೀಕರಿನ ದನಿ ಕೇಳಿ ಅವನ ಮುಖ ಬಿಳಿಚಿಕೊಂಡಿತ್ತು. "ಇದು ಕರಿಯಮ್ಮನ ದನಿ ಅಲ್ವಾ? ಇದು ನನ್ ನಂಬರ್... ನಿಮ್ ಹತ್ರ ಹೆಂಗ್ ಬಂತು?" ಎಂದ. ಆಮೇಲೆ ಉತ್ತರಕ್ಕೆ ಕಾಯದೆ ತನ್ನ ಫೋನ್ ತೆಗೆದು ಆ ಕಡೆಯ ಸಬ್‌ಸ್ಟೇಷನ್ನಿಗೆ ಹೊಡೆದ. "ಎಮ್ಮೆದೊಡ್ಡಿ ಲೈನ್ ಆಫ್ ಮಾಡಿಸ್ರೋ, ತಂತಿ ಬಿದ್ದಿದೆ. ನಾನು ಕನಕರಾಜು ಕಣ್ರೋ!" ಆ ಕಡೆಯವರು ಯಾರನ್ನೋ ಕೇಳಿ ಹೇಳುತ್ತೇವೆ ಎನ್ನುತ್ತಿದ್ದರು. ಕನಕರಾಜು ಸಾಬರಿಗೆ ಕೈಸನ್ನೆ ಮಾಡಿದ: "ಅಲ್ಲೀವರ್ಗೂ ಯಾರನ್ನೂ ಹತ್ರ ಬಿಡ್ಬೇಡಿ ಅನ್ನಿ ಅವಳಿಗೆ."

"ಕರಿಯಮ್ಮಾ, ಯಾರಾದ್ರೂ ಇದ್ದಾರಾ ಅಲ್ಲಿ?" ಎಂದರು ಸಾಬರು.

"ಹುಡುಗ್ರು ನೋಡಕ್ಕೆ ಅಂತ ಬತ್ತಾವ್ರೆ. ದನ ಬೇರೆ. ನನ್ ಮಾತು ಯಾರೂ ಕೇಳಲ್ಲ ಕಣಣ್ಣ, ನಂಗೆ ದನೀನೂ ಇಲ್ಲ."

"ಫೋನನ್ನ ಸ್ಪೀಕರಿಗೆ ಹಾಕಿ ಮೇಲಕ್ಕೆ ಎತ್ತಿ ಹಿಡ್ಕೊಳ್ಳಮ್ಮ."

ಸಾಬರು ಕಣ್ಣು ಮುಚ್ಚಿ ಉಸಿರೆಳೆದರು. "ಹಿಂದಕ್ಕೆ ಸರೀರೀ... ಯಾರೂ ಮುಂದೆ ಬರ್ಬೇಡೀ... ಹಿಂದಕ್ಕೇ, ಹಿಂದಕ್ಕೇ!"

ಅಜ್ಜಂಪುರದ ಬೀದಿಯಲ್ಲಿ ಇದ್ದವರೆಲ್ಲ ಒಟ್ಟಿಗೆ ಹಿಂದಕ್ಕೆ ಸರಿದರು. ರುಬೀನಾಳ ನಾದಿನಿ ಚರಂಡಿಯ ಅಂಚಿಗೆ ಹೋಗಿ ನಿಂತಳು. ತಿರುವಿನಲ್ಲಿ ಬರುತ್ತಿದ್ದ ಲಗೇಜ್ ಆಟೋದವನು ಏನು ಎತ್ತ ಕೇಳದೆ ರಿವರ್ಸ್ ಹಾಕಿದ. ಸಾಬರು ಏನನ್ನೂ ಗಮನಿಸಲಿಲ್ಲ. ಕತ್ತಿನ ನರ ಉಬ್ಬಿ, ಟೋಪಿ ಜಾರಿ, ಫೋನಿನೊಳಕ್ಕೆ ಒಂದೇ ಸಮನೆ ಕೂಗುತ್ತಿದ್ದರು. ಕನಕರಾಜು ಬಂದು ಭುಜ ಅಲ್ಲಾಡಿಸಿ, "ಸಾಕು ಸಾಬ್ರೇ, ಲೈನ್ ಆಫ್ ಆಯ್ತು" ಎಂದ ಮೇಲೆಯೇ ನಿಲ್ಲಿಸಿದ್ದು. ಫೋನಿನಲ್ಲಿ ಕರಿಯಮ್ಮ ಏದುಸಿರು ಬಿಡುತ್ತ, "ಎಲ್ರೂ ದೂರ ನಿಂತವ್ರೆ ಕನಕಣ್ಣ. ದನಾನೂ ನಿಂತವೆ. ನಿಂಗೆ ಗಂಟ್ಲು ಯಾವಾಗ ಇಷ್ಟು ದೊಡ್ಡದಾಯ್ತು?" ಎಂದಳು.

ಸಾಬರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ರುಬೀನಾ ಶರಬತ್ತು ತಂದುಕೊಟ್ಟಳು. ಕನಕರಾಜು ಕಂಬಕ್ಕೆ ಮತ್ತೆ ಹತ್ತಿ ಕರೆಂಟು ಕೊಟ್ಟ. ಹೊಲಿಗೆ ಯಂತ್ರ ಗುಂಯ್‌ಗುಟ್ಟಿತು, ಹೆಂಗಸರು ಒಳಗೆ ನುಗ್ಗಿದರು. ಆಮೇಲೆ ಅವನೂ ಸಾಬರ ಪಕ್ಕ ಬಂದು ಕೂತು ತನ್ನ ಕಥೆ ಹೇಳಿದ. ಆ ನಂಬರಿಂದ ಒಂದು ತುತ್ತು ಅನ್ನವನ್ನೂ ನೆಮ್ಮದಿಯಾಗಿ ಉಂಡವನಲ್ಲ ಅವನು. ಅಜ್ಜಂಪುರಕ್ಕೆ ವರ್ಗವಾದ ದಿನವೇ ಹೆಂಡತಿ ಅನಿತಾ ಸಿಮ್ ತೆಗೆದು ಅಕ್ಕಿ ಡಬ್ಬಕ್ಕೆ ಹಾಕಿದಳಂತೆ. ಅದನ್ನೇ ಇನ್ನೊಬ್ಬರಿಗೆ ಕೊಡುತ್ತಾರೆಂದು ಅವರಿಬ್ಬರಿಗೂ ಹೊಳೆದಿರಲಿಲ್ಲ.

"ಹಂಗಾದ್ರೆ ನಿಮ್ದು ನೀವೇ ತಗೊಳ್ಳಿ, ಸಿಮ್ ಬಿಚ್ಚಿ ಕೊಡ್ತೀನಿ" ಎಂದರು ಸಾಬರು.

"ಅಯ್ಯಯ್ಯೋ, ಬೇಡ! ಅನಿತಾ ನನ್ನ ಮನೆ ಒಳಗೇ ಸೇರ್ಸಲ್ಲ."

ಅಷ್ಟರಲ್ಲಿ ಫೋನ್ ಮತ್ತೆ ಬಂತು. ಗಿರಣಿ ಕರಿಸಿದ್ದಪ್ಪ. ಕರೆಂಟು ಹೋಗಿತ್ತು, ಬೆಳಗಿನ ಆಶೀರ್ವಾದವನ್ನೆಲ್ಲ ಅವನು ವಾಪಸು ಪಡೆಯುತ್ತಿದ್ದ. ಕನಕರಾಜು, "ಒಂದ್ ನಿಮಿಷ ಕೊಡಿ ಸಾಬ್ರೇ" ಎಂದು ಫೋನನ್ನು ಕಿವಿಗಿಟ್ಟುಕೊಂಡ. ಬೈಗುಳವೆಲ್ಲ ಮುಗಿಯುವವರೆಗೆ ಕೇಳಿದ. ಅವನ ಮುಖದಲ್ಲಿ ನಗು ಹರಡಿಕೊಳ್ಳುತ್ತ ಹೋದದ್ದನ್ನು ಸಾಬರು ಬೆರಗಾಗಿ ನೋಡಿದರು. "ಇಲ್ಲಿ ಎಲ್ಲ ಮರ್ಯಾದೆಯಾಗಿ ಮಾತಾಡ್ತಾರೆ, ಬೇಜಾರು" ಎಂದು ಅವನು ಫೋನ್ ವಾಪಸು ಕೊಟ್ಟ.

ಸಾಬರಿಗೆ ನಂಬರ್ ಬದಲಾಯಿಸಲು ಮನಸ್ಸು ಬರಲಿಲ್ಲ. ಇದೊಂದೇ ನಂಬರನ್ನು ಇಟ್ಟುಕೊಂಡ ಕರಿಯಮ್ಮ ಇನ್ನೊಂದು ದಿನ ಫೋನ್ ಮಾಡಿದರೆ? ಈಗ ಹಿರೇನಲ್ಲೂರು ಕಡೆ ನೋಡಿಕೊಳ್ಳುತ್ತಿದ್ದ ಸಿದ್ದಲಿಂಗೇಶ್ ಎಂಬ ಹೊಸ ಲೈನ್‌ಮ್ಯಾನಿನ ನಂಬರನ್ನೂ ಸಬ್‌ಸ್ಟೇಷನ್ನಿನದನ್ನೂ ಕನಕರಾಜು ಫೋನಿಗೆ ಸೇರಿಸಿಕೊಟ್ಟ. ಅಂದಿನಿಂದ ಕಡೂರಿನ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸಿನ ಪಕ್ಕ ನಿಂತು, "ಎಲ್ಲಿ ಹೋಗಿದೆ? ಯಾವ ಕಂಬ? ಸುತ್ತ ಯಾರೂ ಇಲ್ವಲ್ಲ?" ಎಂದು ಮೊದಲು ವಿಚಾರಿಸಿ, ಸಿದ್ದಲಿಂಗೇಶನಿಗೆ ಮುಟ್ಟಿಸುವುದು ಸಾಬರ ಇನ್ನೊಂದು ಉದ್ಯೋಗವಾಯಿತು. ನಜೀರಾಳ ಫೋನ್ ಈಗ ತಣ್ಣಗೆ ಕಪಾಟಿನಲ್ಲಿರುತ್ತದೆ. ಶಾವಿಗೆ ನೆಲಕ್ಕೆ ಬೀಳುವುದಿಲ್ಲ. ಗಂಡ ಊಟಕ್ಕೆ ಕೂತಾಗ ಬರುವ ಫೋನುಗಳನ್ನು ಕಂಡು, "ಕರೆಂಟ್ ಇಲಾಖೆಯವರನ್ನು ಮದುವೆಯಾಗಿದ್ದರೆ ಪೆನ್ಷನ್ನಾದರೂ ಬರುತ್ತಿತ್ತು" ಎಂದು ಒಮ್ಮೊಮ್ಮೆ ಅನ್ನುತ್ತಾಳೆ.

ವಾರಕ್ಕೊಮ್ಮೆ, ಸಂಜೆಯ ಹೊತ್ತಿಗೆ, ಅಜ್ಜಂಪುರದಿಂದ ಒಂದು ಫೋನ್ ಬರುತ್ತದೆ. ಕರೆಂಟಿನ ವಿಷಯಕ್ಕಲ್ಲ. "ಸಾಬ್ರೇ, ಗಿರಣಿ ಕರಿಸಿದ್ದಪ್ಪ ಹೆಂಗವ್ನೆ? ಈ ವಾರ ಎಷ್ಟ್ ಸಲ ಬೈದ?" ಎಂದು ಕನಕರಾಜು ಪಿಸುಗುಟ್ಟುತ್ತಾನೆ. ಸಾಬರು ಬಸ್ಸಿನ ನೆರಳಿಗೆ ಸರಿದು ಎಲ್ಲವನ್ನೂ ವಿವರವಾಗಿ, ಬೈಗುಳದ ಒಂದಕ್ಷರವನ್ನೂ ಬಿಡದೆ ಹೇಳುತ್ತಾರೆ. ಹಿಂದಿನಿಂದ ಅನಿತಾಳ ದನಿ ಕೇಳಿಸಿದ ಕೂಡಲೇ ಆ ಕಡೆ ಫೋನ್ ಕಟ್ಟಾಗುತ್ತದೆ.